ಮಾಸ್ತರ ಮಗಳ ಸೀರೆಯಲ್ಲಿ ಲೋಪಸಂಧಿ

ನಾನು ಚಿಕ್ಕವಳಿದ್ದಾಗ, ಆರನೆಯ ಇಯತ್ತೆಯಲ್ಲಿ ಓದುತ್ತಿದ್ದ ವರ್ಷ, ನನಗೆ ಮಂಗನಬಾವು ಬಂತು. ಎರಡೂ ಕೆನ್ನೆ ಊದಿ ಕನ್ನಡಿಯಲ್ಲಿ ನೋಡಿಕೊಂಡರೆ ಬೇರೆ ಯಾರೋ ನಮ್ಮ ಮನೆಗೆ ಬಂದು ಕುಳಿತಂತೆ ಕಾಣುತ್ತಿತ್ತು. ಉಳಿದ ಮಕ್ಕಳಿಗೂ ಹತ್ತುತ್ತದೆ ಎಂದು ಅವ್ವ ನನ್ನನ್ನು ಹತ್ತು ದಿನ ಸಾಲೆಗೆ ಕಳಿಸಲಿಲ್ಲ. ಆ ಹತ್ತು ದಿನಗಳಲ್ಲಿ ಸಾಲೆಯಲ್ಲಿ ಒಂದು ಪಾಠ ನಡೆದುಹೋಯಿತು, ಮನೆಯಲ್ಲಿ ನಾನೊಂದು ಕಳ್ಳಕೆಲಸ ಮಾಡಿದೆ. ಈ ಎರಡೂ ಸೇರಿ ಅಪ್ಪನನ್ನು ಬೆಳಗಾವಿಯಿಂದ ಖಾನಾಪುರದ ತನಕ ಓಡಿಸಿದವು.

ನಮ್ಮ ಮನೆ ವಡಗಾವಿಯಲ್ಲಿತ್ತು. ಓಣಿಯ ಈ ತುದಿಯಿಂದ ಆ ತುದಿಯವರೆಗೂ ನೇಕಾರರ ಮನೆಗಳೇ. ಮುಂಜಾನೆ ಒಂದು ಮನೆಯ ಮಗ್ಗ ಖಟ್ ಎಂದರೆ ಸಾಕು, ಉಳಿದ ಮನೆಗಳೂ ಎದ್ದು ಉತ್ತರ ಕೊಡುತ್ತಿದ್ದವು. ಅಪ್ಪನದು ಕುಣಿಮಗ್ಗ. ನಡುಮನೆಯ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅವನು ನೇಯಲು ಕುಳಿತರೆ, ಬಾಗಿಲಲ್ಲಿ ನಿಂತವರಿಗೆ ಅರ್ಧ ಅಪ್ಪನೇ ಕಾಣುತ್ತಿದ್ದ. ಮನೆ ತುಂಬ ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ. ನಮ್ಮ ಊಟದಲ್ಲೂ ಅದೇ ವಾಸನೆ, ನನ್ನ ಪುಸ್ತಕದಲ್ಲೂ ಅದೇ.

ಅಪ್ಪ ನೇಯುವ ಸೀರೆಯ ಒಡಲು ಒಂದು ಬಣ್ಣ, ಸೆರಗು ಇನ್ನೊಂದು ಬಣ್ಣ. ಒಡಲು ಮುಗಿದು ಸೆರಗು ಶುರುವಾಗುವ ಕಡೆ ಒಂದೊಂದು ಎಳೆಗೂ ಇನ್ನೊಂದು ಎಳೆ ಹಚ್ಚಿ, ಬೆರಳ ತುದಿಯಲ್ಲಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಒಂದು ತಪ್ಪಿದರೂ ಸೀರೆ ಮುಂದೆ ಅಲ್ಲಿಂದಲೇ ಬಿಡುತ್ತದೆ. ಆ ಜಾಗಕ್ಕೆ ನಮ್ಮ ಮನೆಯಲ್ಲಿ ‘ಸಂದಿ’ ಎನ್ನುತ್ತಿದ್ದರು. ‘ಅವನ ಸೀರೀ ಸಂದಿ ಬೆರಳಿಗೆ ಹತ್ತೂದಿಲ್ಲ’ ಎಂದು ಓಣಿಯವರು ಅಪ್ಪನ ಬಗ್ಗೆ ಹೇಳುವಾಗ ಅವನು ಕೇಳದವನಂತೆ ಮುಖ ತಿರುಗಿಸಿ ಪೂರ್ತಿ ಕೇಳಿಸಿಕೊಳ್ಳುತ್ತಿದ್ದ.

ಆ ವರ್ಷ ನಮ್ಮ ಕನ್ನಡ ಮಾಸ್ತರು ತಮ್ಮ ಮಗಳ ಲಗ್ನದ ಸೀರೆಯನ್ನು ಅಪ್ಪನಿಗೇ ನೇಯಲು ಹೇಳಿದ್ದರು. ಮಾಸ್ತರ ಮನೆ ಖಾನಾಪುರದಲ್ಲಿ. ದಿನವೂ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಎಷ್ಟು ಕಟ್ಟುನಿಟ್ಟಿನ ಮನುಷ್ಯರೆಂದರೆ, ರೈಲು ತಡವಾಗಿ ಬಂದ ದಿನ ರೈಲಿನ ಪರವಾಗಿ ಅವರೇ ನಮ್ಮ ಮುಂದೆ ಕ್ಷಮೆ ಕೇಳುತ್ತಿದ್ದರು. ಅಂಥವರು ತನ್ನನ್ನು ನಂಬಿ ಬಂದರಲ್ಲ ಎಂದು ಅಪ್ಪ ಅತ್ಯಂತ ಒಳ್ಳೆಯ ರೇಷ್ಮೆ ತಂದು, ಹಸಿರು ಒಡಲಿಗೆ ಕೆಂಪು ಸೆರಗು ಹೂಡಿದ.

ನನ್ನ ಕೆನ್ನೆ ಊದಿದ್ದ ದಿನಗಳಲ್ಲೇ ಆ ಸೀರೆಯ ಸಂದಿ ಕೂಡಿಸುವ ಕೆಲಸ ನಡೆದಿತ್ತು. ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಎದ್ದ. ನನಗೆ ಬೇಸರ. ಮಗ್ಗದ ಮುಂದೆ ಹಸಿರು ಎಳೆಗಳೂ ಕೆಂಪು ಎಳೆಗಳೂ ಒಂದನ್ನೊಂದು ಕಾಯುತ್ತಾ ಇದ್ದವು. ನಾನು ಕುಣಿಯಲ್ಲಿ ಇಳಿದು, ಅಪ್ಪನಂತೆಯೇ ಬೆರಳಿಗೆ ಉಗುಳು ಹಚ್ಚಿಕೊಂಡು, ಒಂದು ಎಳೆ ಕೂಡಿಸಿದೆ. ಕೂಡಿತು! ಇನ್ನೊಂದು ಕೂಡಿಸಿದೆ. ಐದನೆಯದು ಹೊಸೆಯುತ್ತಿರುವಾಗ ಅಪ್ಪ ಬಾಯಿ ಮುಕ್ಕಳಿಸುವ ಸದ್ದು ಕೇಳಿಸಿತು. ಹಾಗೇ ಬಿಟ್ಟು ಹಾಸಿಗೆಗೆ ಓಡಿ, ಕೆನ್ನೆ ನೋವೆಂದು ನರಳತೊಡಗಿದೆ. ಅಪ್ಪನಿಗೆ ಗೊತ್ತಾಗಲಿಲ್ಲ.

ಬಾವು ಇಳಿದ ಮೇಲೆ ಸಾಲೆಗೆ ಹೋದೆ. ಅಷ್ಟರಲ್ಲಿ ಸಂಧಿಯ ಪಾಠ ಮುಗಿದುಹೋಗಿತ್ತು, ಅದರ ಹೆಸರೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಮಾಸ್ತರು ಅಭ್ಯಾಸಕ್ಕೆ ಕೊಟ್ಟ ಪದಗಳನ್ನು ನಾನು ಬಾಜೂ ಕುಳಿತ ಹುಡುಗಿಯ ಪುಸ್ತಕ ನೋಡಿ ಬರೆದೆ. ಅವಳೂ ಯಾರದೋ ನೋಡಿ ಬರೆದಿದ್ದಳು.

ಗುರುವಾರ ಅಪ್ಪ ಸೀರೆ ಮುಗಿಸಿ, ಮಡಿಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಮಾಸ್ತರ ಕೈಗೆ ಕೊಟ್ಟುಬಂದ. ಸೋಮವಾರ ಲಗ್ನ. ಆದರೂ ಮಾಸ್ತರು ಶನಿವಾರ ಮುಂಜಾನೆಯ ಸಾಲೆಗೆ ತಪ್ಪದೆ ಬಂದರು, ತಿದ್ದಿದ ಪುಸ್ತಕಗಳನ್ನು ಹಂಚಿದರು, ಗಂಟೆ ಹೊಡೆದ ಕೂಡಲೇ ರೈಲು ಹಿಡಿಯಲು ಓಡಿದರು. ನಾನು ಪುಸ್ತಕ ತೆರೆದೆ. ರೈಲಿನಲ್ಲಿ ಕುಳಿತು ತಿದ್ದಿದ್ದರಿಂದ ಕೆಂಪು ಅಕ್ಷರಗಳು ಒಂದರ ಮೇಲೊಂದು ವಾಲಿಕೊಂಡಿದ್ದವು:

‘ಸಂಧಿಯಲ್ಲಿ ಲೋಪವಾದದ್ದನ್ನು ಗಮನಿಸಿಲ್ಲ. ಮನೆಯವರು ನೋಡಬೇಕು.’

ಸಂಧಿ ಎಂದರೆ ನನಗೆ ಗೊತ್ತಿದ್ದದ್ದು ಒಂದೇ, ಸೀರೆಯದು. ಲೋಪ ಎಂದರೆ ತಪ್ಪು, ಕೊರತೆ. ಅಂದರೆ ನಾನು ಹೊಸೆದ ಆ ಐದು ಎಳೆ ಬಿಟ್ಟಿವೆ, ಮಾಸ್ತರು ಕಂಡುಹಿಡಿದಿದ್ದಾರೆ! ಪುಟವನ್ನು ಹರಿದು ನುಂಗಿಬಿಡೋಣ ಎಂದುಕೊಂಡೆ. ಆದರೆ ‘ಮನೆಯವರು ನೋಡಬೇಕು’ ಎಂದು ಬರೆದಿದ್ದರಲ್ಲ. ಮಾಸ್ತರ ಮಾತು ಮೀರುವ ಧೈರ್ಯ ನನಗಿರಲಿಲ್ಲ.

ನಮ್ಮ ಮನೆಯಲ್ಲಿ ಕನ್ನಡ ಸಾಲೆಗೆ ಹೋದವಳು ನಾನೇ ಮೊದಲು. ಅಪ್ಪ, ಅಕ್ಕ ಇಬ್ಬರೂ ಕಲಿತದ್ದು ಮರಾಠಿ ಸಾಲೆಯಲ್ಲಿ, ಅದೂ ಎರಡು ಮೂರು ಇಯತ್ತೆ. ಅಪ್ಪನಿಗೆ ಬಸ್ಸಿನ ಬೋರ್ಡು ಓದುವಷ್ಟು ಕನ್ನಡ ಬರುತ್ತಿತ್ತು. ಹೀಗಾಗಿ ಆ ಸಾಲನ್ನು ನಾನೇ ಗಟ್ಟಿಯಾಗಿ ಓದಿದೆ.

ಮಗ್ಗ ನಿಂತಿತು.

“ಇನ್ನೊಮ್ಮೆ ಓದು” ಎಂದ ಅಪ್ಪ.

ಇನ್ನೊಮ್ಮೆ ಓದಿದೆ.

“ಸಂದ್ಯಾಗ ಲೋಪ? ನನ್ನ ಸೀರ್ಯಾಗ?”

ಅವ್ವ ಒಲೆಯ ಮುಂದಿನಿಂದಲೇ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. “ಸೀರೀ ಸುದ್ದಿ ಮಗಳ ಪುಸ್ತಕದಾಗ ಯಾಕ ಬರೀತಾರ ಅವರು?”

“ನಾಲ್ಕ ಮಂದಿ ಮುಂದ ಅಂದ್ರ ನನ್ನ ಮರ್ಯಾದಿ ಹೋಗತೈತಿ ಅಂತ ಗುಟ್ಟಾಗಿ ಬರದ ಕಳಿಸ್ಯಾರ. ಭಾಳ ದೊಡ್ಡ ಮನಸಿನ ಮನಶಾ” ಎಂದ ಅಪ್ಪ. ಅವನ ಕಣ್ಣಲ್ಲಿ ನೀರು ಬಂದಿತ್ತು.

ಅಂದು ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಸಂಜೆ ಟ್ರಂಕು ತೆರೆದು ಒಂದು ಸೀರೆ ಹೊರತೆಗೆದ. ಅದು ಅಕ್ಕನ ಲಗ್ನಕ್ಕೆಂದು ಅವನು ಬಿಡುವಾದಾಗಲೆಲ್ಲ ನೇಯ್ದು ಎರಡು ವರ್ಷಕ್ಕೆ ಮುಗಿಸಿದ್ದ ಸೀರೆ. ಅಕ್ಕನಿಗೆ ಇನ್ನೂ ಗಂಡು ಗೊತ್ತಾಗಿರಲಿಲ್ಲ, ಸೀರೆ ಮಾತ್ರ ತಯಾರಿತ್ತು. ಅವಳು ಅದನ್ನು ವಾರಕ್ಕೊಮ್ಮೆ ತೆಗೆದು ಮೂಸಿ ನೋಡಿ ಒಳಗಿಡುತ್ತಿದ್ದಳು.

“ಕೆಟ್ಟದ್ದು ರಿಪೇರಿ ಆಗಲಿಲ್ಲಂದ್ರ ಇದನ್ನ ಕೊಟ್ಟ ಬರತೀನಿ” ಎಂದ.

ಅಕ್ಕ ಬಿಳಿ ಬಟ್ಟೆ ತಂದು ತಾನೇ ಆ ಸೀರೆ ಸುತ್ತಿಕೊಟ್ಟಳು. ಗಂಟು ಹಾಕುವಾಗ ಅವಳ ಕೈ ಬಹಳ ಹೊತ್ತು ಅಲ್ಲೇ ಇತ್ತು. ‘ಅದು ನನ್ನ ತಪ್ಪು’ ಎಂದು ಹೇಳಲು ನಾನು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಆಕಳಿಕೆ ಬಂದವಳಂತೆ ಮುಚ್ಚಿಕೊಂಡೆ.

ಭಾನುವಾರ ಬೆಳಗಿನ ರೈಲಿಗೆ ಅಪ್ಪ, ನಾನು ಹೊರಟೆವು. ಏನು ಬರೆದಿದ್ದಾರೆ ಎಂದು ತೋರಿಸಲು ಪುಸ್ತಕ ಬೇಕು, ಓದಲು ನಾನು ಬೇಕು. ಅಪ್ಪನ ಚೀಲದಲ್ಲಿ ಸೂಜಿ, ಕೆಂಪು ಹಸಿರು ರೇಷ್ಮೆ ಎಳೆ, ಒಂದು ಪುಟ್ಟ ಕತ್ತರಿ. ನನ್ನ ತೊಡೆಯ ಮೇಲೆ ಅಕ್ಕನ ಸೀರೆ. ಅದು ಹಗುರಾದ ರೇಷ್ಮೆಯ ಸೀರೆಯೇ, ಆದರೆ ದೇಸೂರು ದಾಟುವಷ್ಟರಲ್ಲಿ ರುಬ್ಬುಗುಂಡಿನಷ್ಟು ಭಾರವಾಗಿತ್ತು. ಕಿಟಕಿಯಿಂದ ಕಲ್ಲಿದ್ದಲ ಪುಡಿ ಹಾರಿ ಬಂದು ಕಣ್ಣಿಗೆ ಬಿತ್ತು. ನಾನು ಅಳುತ್ತಿರುವುದು ಅದಕ್ಕೇ ಎಂದು ಅಪ್ಪ ತಿಳಿದ.

ಖಾನಾಪುರದಲ್ಲಿ ಇಳಿದರೆ ಗಾಳಿಯೇ ಬೇರೆ. ಕೆಂಪು ಮಣ್ಣು, ಕೆಂಪು ಹಂಚಿನ ಮನೆಗಳು, ಎಲ್ಲಿಂದಲೋ ಹಲಸಿನ ಹಣ್ಣಿನ ವಾಸನೆ. ಮಾಸ್ತರ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಬಾಗಿಲಿಗೆ ಹಂದರ ಹಾಕಿತ್ತು. ಅರಿಶಿನದ ದಿನವಾದ್ದರಿಂದ ಒಳಗೆಲ್ಲ ಹೆಂಗಸರು, ಕನ್ನಡ ಮರಾಠಿ ಎರಡರಲ್ಲೂ ಒಮ್ಮೆಗೇ ಗದ್ದಲ. ಸಾಲೆಯಲ್ಲಿ ಕೋಟು ಟೊಪ್ಪಿಗೆ ಬಿಟ್ಟು ಬೇರೆ ರೂಪದಲ್ಲಿ ಕಾಣದ ನಮ್ಮ ಮಾಸ್ತರು ಬನಿಯನ್ನಿನಲ್ಲಿ, ತಲೆಗೆ ಟವೆಲು ಸುತ್ತಿಕೊಂಡು, ಸ್ಟೂಲಿನ ಮೇಲೆ ನಿಂತು ಮಾವಿನ ಎಲೆ ಕಟ್ಟುತ್ತಿದ್ದರು. ಅವರಿಗೂ ಹೊಟ್ಟೆ ಇರುತ್ತದೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

“ಬರ್ರಿ ಬರ್ರಿ! ನಾಳೆ ಬರ್ತೀರಿ ಅನ್ಕೊಂಡಿದ್ದೆ. ಇವತ್ತ ಬಂದದ್ದು ಛಲೋ ಆತು. ಕುಂದರ್ರಿ, ಚಾ ತರಸ್ತೀನಿ.”

ಅಪ್ಪ ಕುಳಿತುಕೊಳ್ಳಲಿಲ್ಲ. “ಚಾ ಆಮ್ಯಾಲ್ರಿ ಸರ. ನೀವು ಬರದದ್ದ ನೋಡಿ ಬಂದೇನಿ. ಸಂದ್ಯಾಗ ಲೋಪ ಆಗೇತಂತ.”

ಮಾಸ್ತರು ಅಪ್ಪನ ಕೈಯಲ್ಲಿದ್ದ ನನ್ನ ಪುಸ್ತಕ ನೋಡಿದರು. ಸ್ಟೂಲಿನಿಂದ ಇಳಿದರು. ಮಗಳಿಗೆ ವ್ಯಾಕರಣ ಬರಲಿಲ್ಲವೆಂದು ರೈಲು ಹತ್ತಿ ಬಂದ ತಂದೆಯನ್ನು ಅವರು ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲವಂತೆ. ಅದನ್ನು ಆಮೇಲೆ ಅವರೇ ಹೇಳಿದರು. ಆಗ ಮಾತ್ರ, “ಅಷ್ಟಕ್ಕ ಇಲ್ಲಿ ತನಕ ಬಂದ್ರ್ಯಾ? ಅದೇನ ದೊಡ್ಡ ಮಾತಲ್ರಿ. ಸಂಧಿ ಅಂದಮ್ಯಾಲೆ ಲೋಪ ಆಗೂದ” ಎಂದರು.

“ನನ್ನ ಕೈಯಾಗ ಇವತ್ತಿನ ತನಕ ಆಗಿಲ್ರಿ.”

“ಎಲ್ಲಾರ ಕಡೇನೂ ಆಗತೈತ್ರಿ. ಬಾಯಿ ತಗದ್ರ ಆಗತೈತಿ. ನಮಗ ತಿಳಿಯೂದಿಲ್ಲ, ಅಷ್ಟ.”

ಸೀರೆಗೂ ಬಾಯಿಗೂ ಏನು ಸಂಬಂಧವೆಂದು ಅಪ್ಪ ಗಲಿಬಿಲಿಗೊಂಡು ನನ್ನತ್ತ ನೋಡಿದ. ನಾನು ನೆಲ ನೋಡಿದೆ.

“ಲೋಪ ಆದ್ರನ ಎರಡೂ ಛಂದಾಗಿ ಕೂಡತಾವು” ಎಂದರು ಮಾಸ್ತರು.

“ಲೋಪ ಆದ್ರ ಕೂಡೂದಿಲ್ರಿ ಸರ, ಹರೀತಾವು!”

“ಹಂಗಲ್ರಿ. ಎಲ್ಲಾ ಕಡೆ ಲೋಪಾನ ಆಗಬೇಕಂತಿಲ್ಲ. ಆಗಮ ಐತಿ. ನಡುವ ಹೊಸಾದೊಂದು ತಂದು ಸೇರಸೂದು.”

“ಹೊರಗಿಂದು ತಂದು ನಡುವ ತುರಕೂದ? ಅಂಥಾ ಕೆಲಸ ನಮ್ಮ ಮನಿತನದಾಗ ಯಾರೂ ಮಾಡಿಲ್ಲ.”

“ಅದೂ ಅಲ್ಲಂದ್ರ ಆದೇಶ ಐತಲ್ರಿ. ಒಂದನ್ನ ತಗದು ಅದರ ಜಾಗಾದಾಗ ಬ್ಯಾರೇದು ಇಟ್ಟ ಬಿಡೂದು.”

ಅಪ್ಪನ ಮುಖ ಸೀರೆಯ ಸೆರಗಿನಷ್ಟು ಕೆಂಪಾಯಿತು. “ರೇಷ್ಮಿ ತಗದು ಖೊಟ್ಟಿ ಎಳಿ ಹಾಕೂದ? ಸರ, ನೀವು ಮಕ್ಕಳಿಗೆ ಬುದ್ಧಿ ಕಲಸಾವರು. ನಿಮ್ಮ ಬಾಯಾಗ ಇಂಥಾ ಮಾತ ಬರಬಾರದು!”

“ರೇಷ್ಮಿ?” ಎಂದರು ಮಾಸ್ತರು. “ಯಾವ ರೇಷ್ಮಿರೀ?”

“ನಿಮ್ಮ ಮಗಳ ಸೀರೀದು!”

“ಸೀರಿಗೆ ಏನಾಗೇತಿ?”

ಈ ಕೊನೆಯ ಮಾತು ಒಳಗೆ ಕೇಳಿಸಿತು. ಮಾಸ್ತರ ಹೆಂಡತಿ ಕೈತುಂಬ ಅರಿಶಿನದೊಂದಿಗೆ, “ಅಗ ಬಾಈ! ಸಾಡೀಲಾ ಕಾಯ್ ಝಾಲಂ?” ಎಂದು ಮರಾಠಿಯಲ್ಲಿ ಕೂಗುತ್ತ ಹೊರಗೆ ಬಂದರು. ಸೀರೆಗೆ ಏನೋ ಆಗಿದೆ ಎಂಬ ಸುದ್ದಿ ಅವರ ಹಿಂದೆಯೇ ಒಳಗೆ ಹೋಯಿತು. ಪಡಸಾಲೆಯಲ್ಲಿ ಅದು ಹರಿದಿದೆ ಎಂದಾಗಿ, ಅಡುಗೆಮನೆಯಲ್ಲಿ ಇಲಿ ಕಡಿದಿದೆ ಎಂದಾಗಿ, ಹಿತ್ತಿಲು ಮುಟ್ಟುವಷ್ಟರಲ್ಲಿ ಸುಟ್ಟೇಹೋಗಿತ್ತು. ಮದುಮಗಳು ಅಳುವುದು ಕೇಳಿಸಿತು. “ಆಯಿ, ಆಯಿ” ಎಂದು ಕರೆಯುತ್ತಿದ್ದಳು. ನಮ್ಮ ಮನೆಯಲ್ಲಿ ಆಯಿ ಎಂದರೆ ಅಜ್ಜಿ. ಇಷ್ಟು ಗದ್ದಲದಲ್ಲಿ ಅವಳ ಅಜ್ಜಿ ಎಲ್ಲಿಗೆ ಹೋದರೋ ಎಂದು ನಾನು ಸುತ್ತ ನೋಡಿದೆ. ಅವಳು ಕರೆದದ್ದು ಮರಾಠಿಯಲ್ಲಿ, ತನ್ನ ತಾಯಿಯನ್ನು.

ಮಾಸ್ತರು ಮಾತ್ರ ಎರಡೂ ಕೈ ಎತ್ತಿ, ಗದ್ದಲವಾದಾಗ ವರ್ಗದಲ್ಲಿ ಮಾಡುವಂತೆಯೇ, “ಸುಮ್ಮನಿರ್ರಿ ಎಲ್ಲಾರೂ!” ಎಂದರು. ಹಂದರದಲ್ಲಿದ್ದ ದೊಡ್ಡ ದೊಡ್ಡವರೆಲ್ಲ ಸುಮ್ಮನಾದರು. ಅವರು ಅಪ್ಪನ ಪಕ್ಕ ನೆಲದ ಮೇಲೆ ಕುಳಿತು ಪುಸ್ತಕ ಬಿಚ್ಚಿದರು.

“ಇಲ್ಲಿ ನೋಡ್ರಿ. ಊರು ಒಂದು ಪದ. ಅಲ್ಲಿ ಇನ್ನೊಂದು ಪದ. ಎರಡೂ ಕೂಡಿದ್ರ ಊರಲ್ಲಿ. ಊರು ಅನ್ನೂದರ ಕಡೀಗೆ ಒಂದು ಉಕಾರ ಇತ್ತಲ್ಲ, ಅದು ಹೋತು. ಹೋದದ್ದಕ್ಕ ಲೋಪ ಅಂತೀವಿ. ಮನಿಯಲ್ಲಿ ಅನ್ನುವಾಗ ನಡುವ ಒಂದು ಯಕಾರ ಬಂತು, ಅದು ಆಗಮ. ಮಳೆ, ಕಾಲ, ಕೂಡಿದ್ರ ಮಳೆಗಾಲ. ಕಕಾರದ ಜಾಗಾದಾಗ ಗಕಾರ ಕುಂತಿತು, ಅದು ಆದೇಶ. ಇದ ಸಂಧಿ. ನಿಮ್ಮ ಮಗಳಿಗೆ ಇದು ಬಂದಿಲ್ಲ ಅಂತ ಬರದೇನಿ.”

ಅಪ್ಪ ಬಹಳ ಹೊತ್ತು ಪುಸ್ತಕ ನೋಡಿದ. “ಅಂದ್ರ ನನ್ನ ಸೀರಿ?”

“ನಿಮ್ಮ ಸೀರಿ ಪೆಟಗ್ಯಾಗ ಐತ್ರಿ. ನಾ ಇನ್ನೂ ಬಿಚ್ಚಿ ಸುದ್ದಾ ನೋಡಿಲ್ಲ!”

ಮೊದಲು ನಕ್ಕವರು ಮಾಸ್ತರ ಹೆಂಡತಿ. ಆಮೇಲೆ ಇಡೀ ಹಂದರ ನಕ್ಕಿತು. ಅಪ್ಪನೂ ನಕ್ಕ, ಎರಡು ದಿನದ ಉಸಿರೆಲ್ಲ ಒಮ್ಮೆಗೇ ಹೊರಗೆ ಬಂದಂತೆ ನಕ್ಕ. ಚಹಾ ಬಂತು. ಎಲ್ಲ ಮುಗಿಯಿತು. ನಾನು ಬಾಯಿ ಮುಚ್ಚಿಕೊಂಡು ಕುಳಿತಿದ್ದರೆ ಅಕ್ಕನ ಸೀರೆ ತೆಗೆದುಕೊಂಡು ಸುಖವಾಗಿ ಮನೆಗೆ ಬರಬಹುದಿತ್ತು.

ಆದರೆ ನನಗೆ ನಗು ಬರಲಿಲ್ಲ. ಮಾಸ್ತರು ಹೇಳಿದ್ದು ಅಕ್ಷರದ ಲೋಪ, ಸರಿ. ನಾನು ಕೂಡಿಸಿದ ಎಳೆಗಳು ಹೇಗಿವೆಯೋ ಯಾರು ನೋಡಿದ್ದಾರೆ? ನಾಳೆ ಅಕ್ಷತೆ ಬೀಳುವಾಗ ಆ ಸಂದಿ ಬಿಟ್ಟರೆ? ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ ಮದುಮಗಳ ಮುಖ ನೋಡಿದೆ. ಅಪ್ಪನ ಅಂಗಿಯ ತುದಿ ಎಳೆದೆ.

“ಅಪ್ಪಾ, ಖರೇನ ಒಮ್ಮೆ ನೋಡು. ಅದರಾಗ ಐದು ಎಳಿ ನಾ ಕೂಡಿಸೇನಿ.”

ನಗು ನಿಂತಿತು. ಅಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ. ಹೊಡೆಯುತ್ತಾನೆ ಎಂದುಕೊಂಡೆ. ಅವನು ಮಾಸ್ತರ ಹೆಂಡತಿಯ ಕಡೆ ತಿರುಗಿ, “ಅಕ್ಕಾರ, ಸೀರಿ ತರ್ರಿ” ಎಂದ, ಅಷ್ಟೇ.

ಚಾಪೆಯ ಮೇಲೆ ಸೀರೆ ಹಾಸಿದರು. ಹಸಿರೂ ಕೆಂಪೂ ಕೂಡುವ ಕಡೆ ಅಪ್ಪ ಕಣ್ಣು ಮುಚ್ಚಿಕೊಂಡು ಹೆಬ್ಬೆರಳು ಸರಿಸುತ್ತ ಹೋದ. ಸುತ್ತ ಇಪ್ಪತ್ತು ಹೆಂಗಸರು ಉಸಿರು ಬಿಗಿಹಿಡಿದು ನಿಂತಿದ್ದರು. ಹೆಬ್ಬೆರಳು ಒಂದು ಕಡೆ ನಿಂತಿತು. “ಇವು ನಿನ್ನವು” ಎಂದ. ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ಐದನೆಯ ಎಳೆಯನ್ನು ಸೂಜಿಯ ಮೊನೆಯಿಂದ ಮೆಲ್ಲಗೆ ಎತ್ತಿದ. ಅದು ಕೂಡಿಯೇ ಇರಲಿಲ್ಲ. ಬರೀ ಗಂಜಿಯ ಅಂಟಿನಲ್ಲಿ ನಿಂತಿತ್ತು. ಒಮ್ಮೆ ನೀರಿಗೆ ಹಾಕಿದ್ದರೆ ಅಲ್ಲಿಂದ ಬಿಡಲು ಶುರುವಾಗುತ್ತಿತ್ತು.

“ಲೋಪ” ಎಂದ ಅಪ್ಪ.

ಮಾಸ್ತರು ಕನ್ನಡಕ ಏರಿಸಿ ಬಗ್ಗಿ ನೋಡಿದರು. “ಹೌದ್ರಿ. ಆದರ ಇದು ನಂದಲ್ಲ, ನಿಮ್ಮದು” ಎಂದರು.

ಅಪ್ಪ ಚೀಲ ಬಿಚ್ಚಿದ. ಎಳೆ ಹೇಗೆ ಹಿಡಿಯಬೇಕು, ಎಷ್ಟು ಹೊಸೆಯಬೇಕು, ಯಾವಾಗ ಬಿಡಬೇಕು ಎಂದು ತೋರಿಸುತ್ತ ಆ ಐದನೆಯದನ್ನು ನನ್ನ ಕೈಯಿಂದಲೇ ಕೂಡಿಸಿದ. ಮದುಮಗಳು ನನ್ನ ಎದುರಿಗೇ ಕುಳಿತು ಅರಿಶಿನ ಹಚ್ಚಿದ ಮುಖದಲ್ಲಿ ಕಣ್ಣು ಪಿಳುಕಿಸದೆ ನೋಡುತ್ತಿದ್ದಳು. ಮುಗಿದ ಮೇಲೆ ಅಪ್ಪ ಮತ್ತೆ ಹೆಬ್ಬೆರಳು ಸರಿಸಿದ. ಈ ಸಲ ಅದು ಎಲ್ಲೂ ನಿಲ್ಲಲಿಲ್ಲ.

“ಕದ್ದ ಮಾಡಿದ್ದು ತಪ್ಪು” ಎಂದ. ಸೂಜಿ, ಕತ್ತರಿ ಚೀಲಕ್ಕೆ ಹಾಕುತ್ತ, “ನಾಲ್ಕು ಛಲೋ ಕೂಡಿಸೀದಿ” ಎಂದ.

ಊಟ ಮಾಡಿಸದೆ ಅವರು ನಮ್ಮನ್ನು ಬಿಡಲಿಲ್ಲ. ಬಾಳೆಎಲೆಯ ಮೇಲೆ ಬಿಸಿ ಗೋದಿಹುಗ್ಗಿ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಬದನೆಕಾಯಿ ಪಲ್ಯ. ಹುಗ್ಗಿಯ ಪಾತ್ರೆ ಹಿಡಿದು ಬಂದವರು ಸ್ವತಃ ಮಾಸ್ತರು. “ಒಂದ ಲೋಪಸಂಧಿ ಹೇಳು, ಒಂದ ಸೌಟು ಹಾಕತೀನಿ” ಎಂದರು. ನಾನು ‘ಊರಲ್ಲಿ’ ಎಂದೆ. ಒಂದು ಸೌಟು. ‘ಮಾತೆಲ್ಲ’ ಎಂದೆ. ಇನ್ನೊಂದು. ‘ಬೇರೊಬ್ಬ’, ‘ಅವನೂರು’. ಆ ಮಧ್ಯಾಹ್ನ ಕಲಿತ ಲೋಪಸಂಧಿ ಇವತ್ತಿಗೂ ಮರೆತಿಲ್ಲ. ಹೊಟ್ಟೆ ಬಿರಿಯುವಂತಾದಾಗ ‘ಮನೆಯಲ್ಲಿ’ ಎಂದುಬಿಟ್ಟೆ. “ಅದು ಆಗಮ!” ಎಂದು ಮಾಸ್ತರು ಸೌಟು ಹಿಂದಕ್ಕೆ ತೆಗೆದುಕೊಂಡರು. ನಾನು ಬೇಕೆಂದೇ ತಪ್ಪು ಹೇಳಿದ್ದೆ.

ಸಂಜೆಯ ರೈಲಿನಲ್ಲಿ ಅಪ್ಪ ಕಿಟಕಿಯ ಹೊರಗೆ ನೋಡುತ್ತ ಏನೋ ಯೋಚಿಸುತ್ತಿದ್ದ. ಇದಲಹೊಂಡ ದಾಟಿದ ಮೇಲೆ ಕೇಳಿದ, “ಅಲ್ಲ, ಆ ಊರು ಅನ್ನೂದರಾಗಿಂದು ಒಂದ ಅಕ್ಷರ ಹೋತಲ್ಲ, ಅದನ್ನ ಏನ ಮಾಡತಾರ?”

“ಏನೂ ಮಾಡೂದಿಲ್ಲಪ್ಪಾ. ಹೋಗತೈತಿ.”

“ಚೋಟುದ್ದ ಎಳಿ ಉಳದ್ರೂ ನಾವು ಎತ್ತಿ ಇಡತೀವಿ. ಇವರು ಅಕ್ಷರಾನ ಒಗದ ಬಿಡತಾರ” ಎಂದು ಅಪ್ಪ ತಲೆ ಅಲ್ಲಾಡಿಸಿದ. ಕಲಿತವರ ಬಗ್ಗೆ ಅವನಿಗೆ ಇದ್ದ ಗೌರವ ಅಂದು ಸ್ವಲ್ಪ ಕಡಿಮೆಯಾಯಿತೆಂದು ತೋರುತ್ತದೆ.

ಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನಾನು ಗಂಟು ಅವಳ ಕೈಗಿಟ್ಟೆ. ಅವಳು ನಮ್ಮನ್ನು ಏನೂ ಕೇಳದೆ ದೀಪದ ಹತ್ತಿರ ಹೋಗಿ ಸೀರೆಯ ಒಂದೊಂದು ಮಡಿಕೆಯನ್ನೂ ಬಿಡಿಸಿ ನೋಡಿದಳು. ನಡೆದದ್ದನ್ನೆಲ್ಲ ನಾನು ಹೇಳಿ ಮುಗಿಸಿದಾಗ ನನ್ನ ಬೆನ್ನಿಗೆ ಒಂದು ಗುದ್ದು ಬಿತ್ತು. ಆಮೇಲೆ ಅವಳು ಎಷ್ಟು ನಕ್ಕಳೆಂದರೆ ಪಕ್ಕದ ಮನೆಯ ಮಗ್ಗ ಒಂದು ಗಳಿಗೆ ನಿಂತಿತು.

ಮೊಮ್ಮಕ್ಕಳೇ, ಹೋದ ತಿಂಗಳು ನಿಮ್ಮ ಕನ್ನಡ ಟೀಚರು ಮೊಬೈಲಿನ ಗುಂಪಿನಲ್ಲಿ ‘ನಾಳೆ ಎಲ್ಲರೂ ಪಟ್ಟಿ ತರಬೇಕು’ ಎಂದು ಬರೆದಿದ್ದರಲ್ಲ. ಒಬ್ಬ ತಾಯಿ ‘ಯಾವ ಬಣ್ಣದ್ದು?’ ಎಂದು ಕೇಳಿದಳು. ಇನ್ನೊಬ್ಬಳು ‘ಎಷ್ಟು ಅಗಲ?’ ಎಂದಳು. ನಿಮ್ಮ ಅಮ್ಮ ನನ್ನ ಹಳೆಯ ಸೀರೆಯ ದಡಿ ಕತ್ತರಿಸಲು ಕತ್ತರಿ ಹಿಡಿದು ನಿಂತಿದ್ದಳು. ಆಗ ಟೀಚರು ‘ನಾಮಪದಗಳ ಪಟ್ಟಿ’ ಎಂದು ಬರೆದರು. ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು. ಒಲೆಯ ಮೇಲಿಟ್ಟ ಚಹಾ ಉಕ್ಕುವುದರೊಳಗೆ ಎಲ್ಲ ಇತ್ಯರ್ಥವಾಗಿತ್ತು. ನಿಮ್ಮ ಕಾಲ ಬಹಳ ಚುರುಕು. ನನ್ನ ಸೀರೆಯೂ ಉಳಿಯಿತು, ನಾನು ಸಂತೋಷಪಟ್ಟೆ.

ಆದರೆ ಯಾರೂ ರೈಲು ಹತ್ತಲಿಲ್ಲ. ಯಾರೂ ಯಾರ ಮನೆಯಲ್ಲೂ ಉಣ್ಣಲಿಲ್ಲ. ನಿಮ್ಮ ಟೀಚರ ಮನೆ ಯಾವ ಕಡೆ ಎಂದು ನಾನು ಕೇಳಿದಾಗ ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ.